ಇಪ್ಪತ್ತನಾಲ್ಕು ಲಕ್ಷ ರೈಟುಗಳು

ವಿಚಾರಣೆಯ ಕಡತದಲ್ಲಿ ಡ್ರೈವರನ ಹೇಳಿಕೆ ಒಂದೇ ಸಾಲಿನದು: ‘ಅಕ್ಕ ರೈಟ್ ಅಂದರು, ನಾನು ಬಸ್ಸು ಬಿಟ್ಟೆ.’ ಕೆಳಗೆ ಸಹಿ. ಅದಕ್ಕೆ ಗುಂಡುಪಿನ್ನು ಚುಚ್ಚಿ ಇನ್ನೊಂದು ಕಾಗದ ಲಗತ್ತಿಸಿದ್ದಾರೆ. ಅದು ಆಸ್ಪತ್ರೆಯದು. ಸದರಿ ಕಂಡಕ್ಟರಳ ಧ್ವನಿಪೆಟ್ಟಿಗೆಯನ್ನು ಅಪಘಾತಕ್ಕೆ ಏಳು ತಿಂಗಳು ಮೊದಲೇ ಶಸ್ತ್ರಚಿಕಿತ್ಸೆ ಮಾಡಿ ಪೂರ್ತಿ ತೆಗೆಯಲಾಗಿದೆ, ಆಕೆ ಬಾಯಿಂದ ಯಾವ ಮಾತನ್ನೂ ಆಡಲಾರಳು ಎಂದು ಅದರಲ್ಲಿ ಬರೆದಿದೆ.

ಡಿಪೊದಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ರೈಟಮ್ಮ ಎಂದು. ವಯಸ್ಸು ಐವತ್ತಾರು, ನೌಕರಿ ಇಪ್ಪತ್ತಾರು ವರ್ಷದ್ದು, ನಿವೃತ್ತಿಗೆ ಇನ್ನೆರಡು ವರ್ಷ. ಗಿಡ್ಡ ಆಳು, ಗಂಟಲು ಮಾತ್ರ ದೊಡ್ಡದು. ಆಕೆ ಹಿಂದಿನ ಬಾಗಿಲಲ್ಲಿ ನಿಂತು ರೈಟ್ ಅಂದರೆ ಪಕ್ಕದಲ್ಲಿ ನಿಂತ ಬಸ್ಸಿನ ಡ್ರೈವರೂ ಗೇರು ಹಾಕುತ್ತಿದ್ದ ಎಂಬುದು ಡಿಪೊದ ಹಳೆಯ ತಮಾಷೆ.

ಆ ಪದ ಆಕೆಗೆ ಸಿಕ್ಕಿದ್ದು ಬಸ್ಸಿನಲ್ಲಲ್ಲ. ಮೊದಲು ಅದು ಕೆಂಪು ಶಾಯಿಯ ಗುರುತಾಗಿತ್ತು; ಲೆಕ್ಕದ ಮೇಷ್ಟ್ರಿಂದ ರೈಟ್ ಹಾಕಿಸಿಕೊಂಡು ಬಂದ ದಿನ ಮನೆಯಲ್ಲಿ ಮರ್ಯಾದೆ. ಡ್ರಿಲ್ ಮೇಷ್ಟ್ರ ಬಾಯಲ್ಲಿ ಅದೇ ಪದ ದಿಕ್ಕಾಯಿತು. ಎಡಗೈಯಲ್ಲಿ ಬರೆಯುತ್ತಿದ್ದ ಹುಡುಗಿ, ಉಳಿದವರೆಲ್ಲ ಒಂದು ಕಡೆ ತಿರುಗಿದರೆ ತಾನು ಇನ್ನೊಂದು ಕಡೆ ತಿರುಗಿ ಏಟು ತಿಂದಳು. ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ‘ಈ ಮನೇಲಿ ನಿಂಗ್ಯಾವ ರೈಟೂ ಇಲ್ಲ ಕಣೇ’ ಎಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಗಡಿಯಾರ ರಿಪೇರಿ ಮಾಡುವ ಗಂಡ, ಜಗಳ ಗೆಲ್ಲಲಾಗದು ಅನಿಸಿದಾಗ ‘ರೈಟು ಬಿಡು’ ಅನ್ನುತ್ತಿದ್ದ. ನೀನು ಹೇಳಿದ್ದು ಸರಿ ಎಂದು ಅದರ ಅರ್ಥವಲ್ಲ, ನನಗೆ ಕೆಲಸವಿದೆ ಎಂದು. ಡಿಪೊದ ಮೆಕ್ಯಾನಿಕ್ಕಿಗೆ, ಕೆಟ್ಟು ಕೂತ ಬಸ್ಸು ಎದ್ದು ಹೊರಟರೆ ಅದು ರೈಟ್.

“ಇಂಗ್ಲಿಷಿನವ್ರು ಮಹಾ ಜಿಪುಣರು ಕಣ್ರೀ,” ಎಂದು ಧ್ವನಿಯಿದ್ದ ಕಾಲದಲ್ಲಿ ಆಕೆ ನಗಿಸುತ್ತಿದ್ದಳು. “ಒಂದೇ ಮಾತು ಇಟ್ಕೊಂಡು ಊರಿನ ಕೆಲಸವೆಲ್ಲಾ ಮಾಡಿಸ್ಕೋತಾರೆ. ಥೇಟ್ ನಮ್ಮ ಡಿಪೊ ಮ್ಯಾನೇಜರ್ ಥರ.”

ಬಸ್ಸಿನಲ್ಲಿ ಆ ಪದಕ್ಕೆ ಒಂದೇ ಕೆಲಸ. ಹೋಲ್ಡಾನ್ ಅಂದರೆ ನಿಲ್ಲಿಸು, ರೈಟ್ ಅಂದರೆ ಹೊರಡು. ಆದರೆ ಒಂಬತ್ತು ವರ್ಷ ಆಕೆಯ ಜೊತೆಗೇ ಬಸ್ಸು ಓಡಿಸಿದ ಡ್ರೈವರ್ ಆ ಒಂದರೊಳಗೂ ಹಲವನ್ನು ಓದುತ್ತಿದ್ದ. ಗಿಡ್ಡ ‘ರೈಟ್’ ಅಂದರೆ ಎಲ್ಲರೂ ಹತ್ತಿದ್ದಾರೆ. ‘ರೈ...ಟ್’ ಎಂದು ಎಳೆದರೆ ಹತ್ತಿದವರು ವಯಸ್ಸಾದವರು, ಇನ್ನೂ ಕೂತಿಲ್ಲ, ಮೆತ್ತಗೆ ಬಿಡು. ‘ರೈಟ್ ರೈಟ್’ ಅಂದರೆ ಹೊತ್ತಾಯಿತು, ಕಾಲಿಗೆ ಜೋರು ಕೊಡು. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದು ಬರಿ ಬಸ್ಸು ಡಿಪೊ ಕಡೆ ತಿರುಗುವಾಗ ಒಂದು ‘ರೈಟೂ’ ಬರುತ್ತಿತ್ತು, ಚಪ್ಪಲಿ ಕಳಚಿಟ್ಟವರ ನಿಟ್ಟುಸಿರಿನ ಹಾಗೆ. ಅವನು ಹಿಂದೆ ತಿರುಗಿ ನೋಡುವ ಅಭ್ಯಾಸವನ್ನೇ ಬಿಟ್ಟಿದ್ದ. ಜನ ನಿಂತಿದ್ದರೆ ಕನ್ನಡಿಯಲ್ಲಿ ಬೆನ್ನುಗಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಗಡಿಯಾರದ ಗಂಡ ಒಮ್ಮೆ ಕೂತು ಲೆಕ್ಕ ಹಾಕಿದ. ದಿನಕ್ಕೆ ಎಂಟು ಟ್ರಿಪ್ಪು, ಟ್ರಿಪ್ಪಿಗೆ ನಲವತ್ತು ಸ್ಟಾಪು, ವರ್ಷಕ್ಕೆ ಇನ್ನೂರ ತೊಂಬತ್ತು ದಿನ. ಇಪ್ಪತ್ತಾರು ವರ್ಷಕ್ಕೆ ಹತ್ತಿರ ಹತ್ತಿರ ಇಪ್ಪತ್ತನಾಲ್ಕು ಲಕ್ಷ ರೈಟುಗಳು.

“ಅದರಲ್ಲಿ ಒಂದಾದ್ರೂ ನಂಗೆ ಹೇಳಿದ್ಯಾ?” ಎಂದು ಕೇಳಿದ.

“ನೀವು ಯಾವತ್ತು ಎದ್ದು ಹೊರಟಿದ್ರಿ ಹೇಳೋಕೆ?” ಎಂದಳು ಆಕೆ.

ಗಂಟಲು ಒಡೆಯತೊಡಗಿದಾಗ ಆಕೆ ತಪ್ಪನ್ನು ಧೂಳಿನ ಮೇಲೆ ಹಾಕಿದಳು. ಆಮೇಲೆ ಉಗುಳು ನುಂಗುವುದೂ ಕಷ್ಟವಾಯಿತು. ಗಂಟಲಿನ ಡಾಕ್ಟರು ಸಣ್ಣ ದೀಪ ಬಿಟ್ಟು ನೋಡಿ, “ಗಡ್ಡೆ ರೈಟ್ ಸೈಡಲ್ಲಿ ಶುರುವಾಗಿದೆ ಅಮ್ಮ, ಈಗ ಎರಡೂ ಕಡೆ ಹಬ್ಬಿದೆ. ಪೆಟ್ಟಿಗೆ ತೆಗೀಬೇಕು, ಜೀವ ಉಳಿಯುತ್ತೆ,” ಎಂದರು. ಮನೆಯವರಿಗೆ ನೆನಪಿಗಿರಲಿ, ಫೋನಿನಲ್ಲಿ ನಾಲ್ಕು ಮಾತು ರೆಕಾರ್ಡ್ ಮಾಡಿಡಿ ಎಂದೂ ಹೇಳಿದರು. ಗಂಡ ಹಾಸಿಗೆಯ ಪಕ್ಕ ಫೋನು ಹಿಡಿದು ಕೂತ.

“ಏನಾದ್ರೂ ಹೇಳೇ.”

“ಏನು ಹೇಳ್ಲಿ? ಹಾಡ್ಲಾ?”

ಇಬ್ಬರಿಗೂ ನಗು ಬಂತು. ಫೋನು ಖಾಲಿಯೇ ಉಳಿಯಿತು. ಮರುದಿನ ಬೆಳಿಗ್ಗೆ ಸ್ಟ್ರೆಚರನ್ನು ಲಿಫ್ಟಿನೊಳಗೆ ನೂಕುವಾಗ ಅದರ ಚಕ್ರ ಬಾಗಿಲ ಸಂದಿಗೆ ಸಿಕ್ಕಿಕೊಂಡಿತು. ಇಬ್ಬರು ಎತ್ತಿ ಬಿಡಿಸಿದರು. ಮಲಗಿದ್ದಲ್ಲಿಂದಲೇ ಆಕೆ “ರೈಟ್” ಎಂದಳು. ಸ್ಟ್ರೆಚರು ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಆಕೆಯ ಬಾಯಿಂದ ಬಂದ ಕೊನೆಯ ಮಾತು ಅದು.

ಈಗ ಆಕೆ ಉಸಿರಾಡುವುದು ಕುತ್ತಿಗೆಯ ಕೆಳಭಾಗದಲ್ಲಿರುವ ಒಂದು ತೂತಿನಿಂದ. ಅದರ ಮೇಲೆ ತೆಳು ಬಟ್ಟೆ ಕಟ್ಟಿಕೊಳ್ಳುತ್ತಾಳೆ. ಬಾಯಿಗೆ ಗಾಳಿ ಬರುವುದಿಲ್ಲವಾದ್ದರಿಂದ ಸೀಟಿ ಊದಲೂ ಆಗದು. ಡಿಪೊದವರು ಕಚೇರಿಯಲ್ಲಿ ಕುರ್ಚಿ ಕೊಡುತ್ತೇವೆ ಎಂದರು. ಆಕೆ ಸ್ಲೇಟಿನ ಮೇಲೆ ಬರೆದು ಜಗಳವಾಡಿದಳು. ಕುರ್ಚಿಯಲ್ಲಿ ಕೂತರೆ ನಾನು ಮೂಕಿ, ಬಸ್ಸಿನಲ್ಲಿ ನಿಂತರೆ ಕಂಡಕ್ಟರು ಎಂದು ಬರೆದದ್ದನ್ನು ಮ್ಯಾನೇಜರು ಎರಡು ಸಲ ಓದಿದರು. ಕೊನೆಗೆ ಹಳೆಯ ಮಾರ್ಗದಲ್ಲಿ, ಹಳೆಯ ಡ್ರೈವರನ ಜೊತೆ, ದೂರು ಬರುವವರೆಗೆ ಎಂದು ಒಪ್ಪಿದರು. ಟಿಕೆಟ್ಟು ಈಗ ಯಂತ್ರದಿಂದ ಬರುತ್ತದೆ. ಮೂಲೆ ಸೇರಿದ್ದ ಹಳೆಯ ಕಬ್ಬಿಣದ ಟಿಕೆಟ್ ಪಂಚನ್ನು ಆಕೆ ಹೊರತೆಗೆದು, ಬಾಗಿಲ ಕಂಬಿಗೆ ಬಡಿಯುವುದೆಂದಾಯಿತು. ಒಂದು ಏಟು ನಿಲ್ಲು, ಎರಡು ಏಟು ಹೊರಡು.

ಮೂರು ವಾರ ಎಲ್ಲವೂ ಸರಿಯಾಗಿತ್ತು. ಐದನೆಯ ವಾರದ ಕೊನೆಗೆ, ಕೊನೆಯ ಸ್ಟಾಪಿನಲ್ಲಿ ಟೀ ಕುಡಿಯುತ್ತ ನಿಂತಾಗ ಡ್ರೈವರ್ ಕೇಳಿದ.

“ಅಲ್ಲಕ್ಕಾ, ಬಾಯಲ್ಲಿ ಹೇಳಿದ್ಮೇಲೆ ಪಂಚ್ ಯಾಕೆ ಬಡೀತೀರಿ? ಒಂದು ಕೆಲ್ಸಕ್ಕೆ ಎರಡು ಕೂಲಿನಾ?”

ಆಕೆ ಸ್ಲೇಟು ತೆಗೆದಳು. ‘ಏನು ಹೇಳಿದೆ?’

“ರೈಟ್ ಅಂತ. ಹದಿನೈದು ದಿನದಿಂದ ಹೇಳ್ತಾನೇ ಇದ್ದೀರಲ್ಲ. ಡಾಕ್ಟ್ರು ಏನೋ ಮಿಷನ್ ಕೂರಿಸಿರ್ಬೇಕು ಅಂದ್ಕೊಂಡೆ. ಸ್ವಲ್ಪ ಒಡಕು ಧ್ವನಿ, ಆದ್ರೂ ನಿಮ್ದೇ.”

ಆಕೆ ಕುತ್ತಿಗೆಯ ಬಟ್ಟೆ ಬಿಚ್ಚಿ ತೋರಿಸಿದಳು. ಅಲ್ಲಿ ಯಾವ ಮಿಷನ್ನೂ ಇರಲಿಲ್ಲ. ಡ್ರೈವರ್ ಟೀ ಲೋಟ ಕೆಳಗಿಟ್ಟವನು ಮತ್ತೆ ಅದನ್ನು ಎತ್ತಲಿಲ್ಲ. “ಹಂಗಾದ್ರೆ ಇನ್ಮೇಲೆ ಎರಡು ಏಟು ಬಿದ್ರೇನೇ ಬಿಡೋದು. ಬೇರೆ ಏನು ಕೇಳಿಸಿದ್ರೂ ಬಿಡಲ್ಲ,” ಎಂದ. ಆಕೆ ತಲೆಯಾಡಿಸಿದಳು. ಈ ಒಪ್ಪಂದ ಅವರಿಬ್ಬರ ನಡುವೆಯೇ ಉಳಿಯಿತು.

ಆಕೆಗೆ ಮಾತ್ರ ಆ ಧ್ವನಿ ಕೇಳಿಸುತ್ತಿರಲಿಲ್ಲ. ಹಾಗಾಗಿ ಡ್ರೈವರನ ಕುತ್ತಿಗೆಯ ಹಿಂಭಾಗವನ್ನು ನೋಡಲು ಶುರುಮಾಡಿದಳು. ಕೊನೆಯ ಪ್ರಯಾಣಿಕನ ಕಾಲು ಮೆಟ್ಟಿಲ ಮೇಲೆ ಬಂದ ಕೂಡಲೇ, ಇನ್ನೂ ಪಂಚು ಎತ್ತುವ ಮೊದಲೇ, ಆ ಕುತ್ತಿಗೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಹೆಸರು ಹಿಡಿದು ಕರೆದವರಿಗೆ ಅಲುಗುವ ಹಾಗೆ. ನಾಲ್ಕು ದಿನ ನೋಡಿದ ಮೇಲೆ ಇನ್ನೊಂದು ಗಮನಕ್ಕೆ ಬಂತು. ಅವನ ಕುತ್ತಿಗೆ ಅಲುಗುವ ಹೊತ್ತಿಗೆ ಸರಿಯಾಗಿ ಆಕೆಯ ಮುಚ್ಚಿದ ಬಾಯೊಳಗೆ ನಾಲಿಗೆ ಎದ್ದು ಅಂಗುಳಿಗೆ ತಾಗುತ್ತಿತ್ತು. ಡಾಕ್ಟರು ಪೆಟ್ಟಿಗೆ ತೆಗೆದಿದ್ದರು, ನಾಲಿಗೆ ತೆಗೆದಿರಲಿಲ್ಲ. ಇಪ್ಪತ್ತಾರು ವರ್ಷ ಮಾಡಿದ್ದನ್ನು ಅದು ತನ್ನ ಪಾಡಿಗೆ ಮಾಡುತ್ತಿತ್ತು.

ಪರೀಕ್ಷೆಗೆಂದು ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ನಾಲಿಗೆಯನ್ನು ಹಲ್ಲುಗಳ ನಡುವೆ ಹಿಡಿದು ನಿಂತಳು. ಆ ದಿನ ಡ್ರೈವರನ ಕುತ್ತಿಗೆ ಒಮ್ಮೆಯೂ ಅಲುಗಲಿಲ್ಲ. ಡಿಪೊದಲ್ಲಿ ಇಳಿಯುವಾಗ ಅವನು, “ಏನಕ್ಕಾ, ಇವತ್ತು ನನ್ ಮೇಲೆ ಮುನಿಸಾ? ಒಂದ್ಸಲಾನೂ ಕೇಳಿಸ್ಲಿಲ್ಲ,” ಎಂದ. ಮನೆಗೆ ಬಂದಾಗ ನಾಲಿಗೆಯ ಎರಡೂ ಬದಿಯಲ್ಲಿ ಹಲ್ಲಿನ ಗುರುತು ನೀಲಿಗಟ್ಟಿತ್ತು. ಗಂಡನಿಗೆ ಸ್ಲೇಟಿನ ಮೇಲೆ ಎಲ್ಲವನ್ನೂ ಬರೆದು ತಿಳಿಸಿದಳು. ಅವನು ಕಣ್ಣಿನ ಮಸೂರ ತೆಗೆದಿಟ್ಟು, “ಹಂಗಾದ್ರೆ ಅದು ಬಸ್ಸಲ್ಲಿದ್ಯಾ?” ಎಂದಷ್ಟೇ ಕೇಳಿದ. ಕಳೆದುಹೋದ ಕೊಡೆ ಎಲ್ಲಿದೆಯೆಂದು ಗೊತ್ತಾದವರ ದನಿಯಲ್ಲಿ ಕೇಳಿದ.

ಮರುದಿನದಿಂದ ಆಕೆ ನಾಲಿಗೆ ಹಿಡಿಯಲಿಲ್ಲ. ನೋವಿಗೆ ಹೆದರಿ ಅಲ್ಲ. ತನ್ನ ಧ್ವನಿ ಎಲ್ಲೋ ಒಂದು ಕಡೆ ಇದೆ, ಒಬ್ಬನಿಗಾದರೂ ಕೇಳುತ್ತಿದೆ ಎಂಬುದು ಆಕೆಗೆ ಬೇಕಾಗಿತ್ತು. ಇದನ್ನೂ ಆಕೆಯೇ ಗಂಡನಿಗೆ ಸ್ಲೇಟಿನ ಮೇಲೆ ಬರೆದು ತೋರಿಸಿದ್ದಾಳೆ.

ಎರಡೂವರೆ ತಿಂಗಳು ಆ ಧ್ವನಿ ಒಮ್ಮೆಯೂ ತಪ್ಪಲಿಲ್ಲ. ಎಳೆಯುವಲ್ಲಿ ಎಳೆಯಿತು, ಅವಸರಿಸುವಲ್ಲಿ ಅವಸರಿಸಿತು. ಪಂಚಿನ ಏಟು ಅದರ ಹಿಂದೆಯೇ ಬರುತ್ತಿತ್ತು, ಅರ್ಧ ಉಸಿರು ತಡವಾಗಿ. ತಪ್ಪದ ಮಾತನ್ನು ಎಷ್ಟು ದಿನ ಅನುಮಾನಿಸುವುದು? ಡ್ರೈವರ್ ಏಟಿಗೆ ಕಾಯುವುದನ್ನು ಮೆಲ್ಲಗೆ ಬಿಟ್ಟ. ಆಕೆಗೂ ಗೊತ್ತಾಯಿತು, ಆಕೆಯೂ ಸುಮ್ಮನಿದ್ದಳು.

ಅಪಘಾತವಾದದ್ದು ಒಂಬತ್ತನೆಯ ಸ್ಟಾಪಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಬಸ್ಸು ತುಂಬಿತ್ತು. ಆಕೆ ನಡುವಿನಲ್ಲಿ ಸಿಕ್ಕಿಕೊಂಡು ಟಿಕೆಟ್ಟು ಕೊಡುತ್ತಿದ್ದಳು. ಕಣ್ಣಿನ ಆಸ್ಪತ್ರೆಗೆ ಹೊರಟಿದ್ದ ಅಂಚೆ ಕಚೇರಿಯ ಒಬ್ಬ ನಿವೃತ್ತ ಗುಮಾಸ್ತ ಹಿಂದಿನ ಬಾಗಿಲಿನಿಂದ ಇಳಿಯುತ್ತ, ಕೊನೆಯ ಮೆಟ್ಟಿಲ ಮೇಲೆ ನಿಂತು ಕೊಡೆ ಬಿಚ್ಚತೊಡಗಿದ. ಬಿಸಿಲಿಗೆ ಅಷ್ಟು ಹೆದರುವವನು ನೆಲಕ್ಕೆ ಇಳಿದು ಬಿಚ್ಚಬಾರದೇ ಎಂದು, ಜನರ ಸಂದಿಯಿಂದ ಅವನನ್ನು ಕಂಡ ಆಕೆಗೆ ಅನಿಸಿತು. ಪಂಚು ಜೇಬಿನಲ್ಲೇ ಇತ್ತು. ಬಾಯೊಳಗೆ ನಾಲಿಗೆ ಎದ್ದಿತು. ಬಸ್ಸು ಹೊರಟಿತು. ಮುದುಕನ ಸೊಂಟದ ಮೂಳೆ ಮುರಿಯಿತು.

ಇಲ್ಲಿಂದ ಲೆಕ್ಕ ಸರಳ. ಕಂಡಕ್ಟರು ಸನ್ನೆ ಕೊಟ್ಟಿದ್ದರೆ ತಪ್ಪು ಆಕೆಯದು. ಕುರ್ಚಿಯೂ ಇಲ್ಲ, ಮನೆಗೆ. ಕೊಟ್ಟಿಲ್ಲದಿದ್ದರೆ ಸನ್ನೆಯಿಲ್ಲದೆ ಬಸ್ಸು ಬಿಟ್ಟ ಡ್ರೈವರ್ ಕೆಲಸ ಕಳೆದುಕೊಳ್ಳುತ್ತಾನೆ. ಅವನಿಗೆ ಓದುವ ಇಬ್ಬರು ಹೆಣ್ಣುಮಕ್ಕಳು. ಅಮಾನತಾಗಿ ಮನೆಯಲ್ಲಿ ಕೂತವನು ಒಂದೇ ಸಾಲು ಬರೆದುಕೊಟ್ಟು ಸುಮ್ಮನಾದ. ಆಸ್ಪತ್ರೆಯ ಕಾಗದ ಓದಿದವರೆಲ್ಲ ಅವನನ್ನು ಸುಳ್ಳುಗಾರ ಎಂದರು. ಆಕೆ ಏನೂ ಬರೆದುಕೊಡಬೇಕಾಗಿಯೇ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ವಿಚಾರಣೆಗೆ ಬಂದ ಅಧಿಕಾರಿ ತಾಳ್ಮೆಯ ಮನುಷ್ಯ. ಮೊದಲು ಆಸ್ಪತ್ರೆಗೆ ಹೋಗಿ ಮುದುಕನನ್ನು ಕಂಡರು. ಅವನು ಆ ಮಾರ್ಗಕ್ಕೆ ಹೊಸಬ, ರೈಟಮ್ಮನ ಧ್ವನಿ ಹೇಗಿತ್ತೆಂದು ತಿಳಿಯದವನು. “ಯಾರೋ ಹೆಂಗಸು ರೈಟ್ ಅಂದ್ಳು ಸ್ವಾಮಿ. ನಂಗೇ ಇಳಿ ಅಂತ ಗದರಿಸ್ತಿದ್ದಾಳೆ ಅಂದ್ಕೊಂಡೆ. ಗಂಟ್ಲು ಸ್ವಲ್ಪ ಒಡೆದಿತ್ತು,” ಎಂದ. ಅಧಿಕಾರಿ ಹಿಂದಿನ ಬಾಗಿಲ ಬಳಿಯಿದ್ದ ನಾಲ್ವರು ಹೆಂಗಸರನ್ನು ಹುಡುಕಿಸಿ ಕಚೇರಿಗೆ ಕರೆಸಿದರು. ಡ್ರೈವರನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಒಬ್ಬೊಬ್ಬರಿಂದಲೂ ರೈಟ್ ಎನ್ನಿಸಿದರು. ಮೊದಲನೆಯವಳು ನಾಚಿದಳು, ಎರಡನೆಯವಳು ನಕ್ಕಳು, ಮೂರನೆಯವಳು “ಜೋರಾಗಿ ಹೇಳ್ಲಾ ಮೆಲ್ಲಗೆ ಹೇಳ್ಲಾ?” ಎಂದು ಕೇಳಿ ಎರಡೂ ಹೇಳಿದಳು. ನಾಲ್ಕು ಸಲವೂ ಡ್ರೈವರ್ ಗೋಡೆಯ ಕಡೆಗೇ ತಲೆಯಾಡಿಸಿ ಅಲ್ಲ ಎಂದ.

ಆಗ ಅಧಿಕಾರಿ ಅದೇ ಬಸ್ಸನ್ನು ಅದೇ ಹೊತ್ತಿಗೆ ಅದೇ ಮಾರ್ಗದಲ್ಲಿ ಓಡಿಸಿ ನೋಡೋಣ ಎಂದರು. ಬಸ್ಸಿನಲ್ಲಿ ಮೂವರೇ. ಸ್ಟೀರಿಂಗಿನ ಮುಂದೆ ಡ್ರೈವರ್, ನಡುವಿನ ಸೀಟಿನಲ್ಲಿ ಅಧಿಕಾರಿ, ಹಿಂದಿನ ಬಾಗಿಲಲ್ಲಿ ರೈಟಮ್ಮ. ಪಂಚನ್ನು ಅಧಿಕಾರಿ ತಮ್ಮ ಜೇಬಿಗೆ ಹಾಕಿಕೊಂಡರು. ಪ್ರತಿ ಸ್ಟಾಪಿನಲ್ಲೂ ನಿಲ್ಲಿಸುವುದು, ಹತ್ತು ಎಣಿಸುವುದು, ಏನಾದರೂ ಕೇಳಿಸಿದರೆ ಡ್ರೈವರ್ ಕೈ ಎತ್ತುವುದು, ಆಮೇಲೆ ಅಧಿಕಾರಿಯೇ ಎರಡು ಏಟು ಬಡಿಯುವುದು.

ಎಂಟು ಸ್ಟಾಪುಗಳಲ್ಲಿ ಕೈ ಏಳಲಿಲ್ಲ. ಅಧಿಕಾರಿಯ ಪುಸ್ತಕದಲ್ಲಿ ಒಂದರ ಕೆಳಗೊಂದು ಎಂಟು ‘ಇಲ್ಲ’ಗಳು ಬಿದ್ದವು. ರೈಟಮ್ಮ ನಾಲಿಗೆಯನ್ನು ಹಲ್ಲುಗಳ ನಡುವೆ ಹಿಡಿದಿದ್ದಳು. ಖಾಲಿ ಸೀಟುಗಳ ಆಚೆ ಡ್ರೈವರನ ಕುತ್ತಿಗೆ ಕಾಣುತ್ತಿತ್ತು. ಪ್ರತಿ ಸ್ಟಾಪಿನಲ್ಲೂ ಅದು ಕಿವಿಗೊಟ್ಟು ಸೆಟೆದು ನಿಲ್ಲುತ್ತಿತ್ತು, ಏನೂ ಕೇಳಿಸದೆ ಕುಗ್ಗುತ್ತಿತ್ತು. ಎಂಟನೆಯದರಲ್ಲಿ ಅವನು ಮುಂದೆ ನೋಡುತ್ತಲೇ, “ಅಕ್ಕಾ,” ಎಂದ.

ಒಂಬತ್ತನೆಯ ಸ್ಟಾಪಿನಲ್ಲಿ ಅಧಿಕಾರಿ ಕೆಳಗಿಳಿದರು. “ಎಂಜಿನ್ ಓಡ್ತಾ ಇರ್ಲಿ, ಹ್ಯಾಂಡ್‌ಬ್ರೇಕ್ ಹಾಕಿರಪ್ಪ,” ಎಂದು ಕೂಗಿ, ಮುದುಕ ನಿಂತಿದ್ದಂತೆಯೇ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಕಂಬಿ ಹಿಡಿದು, ರೈಟಮ್ಮನ ಮುಖವನ್ನು ನೋಡುತ್ತ ನಿಂತರು. ಇಬ್ಬರ ನಡುವೆ ಒಂದು ಮಾರು ದೂರವೂ ಇರಲಿಲ್ಲ. ಆಕೆಯ ತುಟಿ ಮುಚ್ಚಿತ್ತು. ಕುತ್ತಿಗೆಯ ಬಟ್ಟೆ ಉಸಿರಿಗೆ ಏಳುತ್ತಿತ್ತು, ಇಳಿಯುತ್ತಿತ್ತು.

ಆಕೆ ಹಲ್ಲು ಸಡಿಲಿಸಿದಳು.

ಧ್ವನಿ ಬಂದದ್ದು ಆಕೆಯ ಕಡೆಯಿಂದಲ್ಲ. ಅಧಿಕಾರಿಯ ಬೆನ್ನ ಹಿಂದಿನಿಂದಲೂ ಅಲ್ಲ. ಮೆಟ್ಟಿಲ ಮೇಲಿದ್ದ ಅವರ ಕಾಲಿನ ಕೆಳಗಿನ ತಗಡಿನಿಂದ, ಕೈಯಲ್ಲಿ ಹಿಡಿದ ಕಂಬಿಯಿಂದ, ಮೇಲಿನ ಛಾವಣಿಯಿಂದ, ಒಡಕು ಗಂಟಲಿನ ಒಬ್ಬ ಹೆಂಗಸು ಮೆಲ್ಲಗೆ, ಎಳೆದು, ಹತ್ತುವವರು ವಯಸ್ಸಾದವರು ಎಂಬ ಎಚ್ಚರದಲ್ಲಿ ಹೇಳಿದಳು: ‘ರೈ...ಟ್.’

ಮುಂದೆ ಡ್ರೈವರನ ಕೈ ಮೇಲೆದ್ದಿತ್ತು. ಅಧಿಕಾರಿ ಕಾಲನ್ನು ಹಿಂದಕ್ಕೆ ತೆಗೆದುಕೊಂಡಿದ್ದರು. ಯಾವಾಗ ತೆಗೆದುಕೊಂಡರೆಂದು ಅವರಿಗೇ ನೆನಪಿಲ್ಲ. ಪೆನ್ನು ರಸ್ತೆಯ ಮೇಲೆ ಬಿದ್ದಿತ್ತು.

“ಇನ್ನೊಂದ್ಸಲ,” ಎಂದರು.

ಇನ್ನೊಂದು ಸಲ ಕೇಳಿಸಿತು.

“ಸಾಕು ಸಾಕು.”

ಅವರು ಮತ್ತೆ ಬಸ್ಸು ಹತ್ತಲಿಲ್ಲ. ರಸ್ತೆಬದಿಯ ಕಟ್ಟೆಯ ಮೇಲೆ ಕೂತು, ಪೆನ್ನಿನ ಧೂಳು ಒರೆಸಿ, ಖಾಲಿ ಹಾಳೆ ತೆರೆದರು. “ಇದನ್ನ ನಾನು ಹೇಗಮ್ಮ ಬರೀಲಿ? ಬರೆದ್ರೆ ಮೊದಲು ನನ್ನ ತಲೆ ಪರೀಕ್ಷೆ ಮಾಡಿಸ್ತಾರೆ.”

ರೈಟಮ್ಮ ಅವರ ಕೈಯಿಂದ ಪೆನ್ನು ತೆಗೆದುಕೊಂಡು, ಎಡಗೈಯಲ್ಲಿ, ದುಂಡಾಗಿ ಬರೆದಳು: ‘ಆ ದಿನ ರೈಟ್ ಹೇಳಿದ್ದು ನಾನೇ. ಪ್ರಯಾಣಿಕರು ಇನ್ನೂ ಇಳಿದಿರಲಿಲ್ಲ. ಡ್ರೈವರದು ತಪ್ಪಿಲ್ಲ.’ ಸಹಿ ಹಾಕಿದಳು.

“ಆಸ್ಪತ್ರೆ ಕಾಗದ ಇದ್ಯಲ್ಲಮ್ಮ? ಓದಿದವರು ಏನಂತಾರೆ?”

ಆಕೆ ಸ್ಲೇಟಿನಲ್ಲಿ ಬರೆದಳು: ‘ಅದೂ ಇರಲಿ. ಧ್ವನಿ ನನ್ನದು.’

ಡ್ರೈವರ್ ಸೀಟು ಬಿಟ್ಟು ಇಳಿದು ಬಂದು ಆ ಹಾಳೆಯನ್ನು ಓದಿದ. “ಬೇಡಕ್ಕಾ. ಏಟಿಗೆ ಕಾಯ್ತೀನಿ ಅಂದವನು ನಾನಲ್ವಾ?” ಎಂದ. ಆಕೆ ಅವನ ಬೆನ್ನ ಮೇಲೆ ಅಂಗೈಯಲ್ಲಿ ಎರಡು ಸಲ ತಟ್ಟಿದಳು. ಹೊರಡು.

ಕಡತ ಮುಚ್ಚಿತು. ಕಂಡಕ್ಟರು ತಪ್ಪಾಗಿ ಸನ್ನೆ ನೀಡಿದ್ದನ್ನು ತಾನೇ ಒಪ್ಪಿಕೊಂಡಿದ್ದಾಳೆ ಎಂದು ಕೊನೆಯ ಪುಟದಲ್ಲಿದೆ. ಯಾವ ಸನ್ನೆ ಎಂದು ಬರೆದಿಲ್ಲ. ಎರಡು ವರ್ಷ ಮೊದಲೇ ಆಕೆಯನ್ನು ಮನೆಗೆ ಕಳಿಸಿದರು. ಡ್ರೈವರ್ ಮರಳಿ ಬಂದ. ಅವನ ಬಸ್ಸಿಗೆ ಹೊಸ ಕಂಡಕ್ಟರು ಬಂದಿದ್ದಾನೆ, ಸೀಟಿ ಊದುತ್ತಾನೆ. ಊದಿದ ಮೇಲೂ ಬಸ್ಸು ಅರ್ಧ ಉಸಿರಿನಷ್ಟು ತಡೆದು ಹೊರಡುತ್ತದೆ ಎಂದು ಪ್ರಯಾಣಿಕರು ಗೊಣಗುತ್ತಾರೆ. ಡ್ರೈವರ್ ಈಗ ಕನ್ನಡಿ ನೋಡುತ್ತಾನೆ. ಅಕ್ಕ ಇಳಿದು ಹೋದ ದಿನದಿಂದ ಬಸ್ಸಿನಲ್ಲಿ ಒಮ್ಮೆಯೂ ಏನೂ ಕೇಳಿಸಿಲ್ಲ ಎನ್ನುತ್ತಾನೆ.

ಗಡಿಯಾರದ ಅಂಗಡಿಯೆಂದರೆ ಅವರ ಮನೆಯ ಮುಂದಿನ ಕೋಣೆಯೇ. ರಸ್ತೆಗೆ ಮೂರು ಕಡಿದಾದ ಮೆಟ್ಟಿಲು. ಗಂಡ ಕಿಟಕಿಯ ಬಳಿ ಮಸೂರ ಹಾಕಿಕೊಂಡು ಕೂತಿರುತ್ತಾನೆ, ಆಕೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ. ಗೋಡೆಯ ತುಂಬ ಗಡಿಯಾರಗಳು, ಒಂದೊಂದರಲ್ಲೂ ಒಂದೊಂದು ಹೊತ್ತು. ನಿಂತುಹೋದದ್ದೊಂದು ರಿಪೇರಿಯಾಗಿ ಟಿಕ್ ಎಂದ ಕೂಡಲೇ ಗಂಡ ಮುಖ ಮೇಲೆತ್ತಿ, ಯಾರಿಗೋ ಉತ್ತರ ಕೊಡುವವನಂತೆ “ಹ್ಞೂಂ, ರೈಟೇ,” ಎನ್ನುತ್ತಾನೆ. ಮೊದಮೊದಲು ಅವನ ಕೈಯಿಂದ ಚಿಮಟ ಬೀಳುತ್ತಿತ್ತು. ಈಗ ಬೀಳುವುದಿಲ್ಲ.

ಕಳೆದ ವಾರ ಒಬ್ಬಾಕೆ ಗೋಡೆ ಗಡಿಯಾರ ರಿಪೇರಿ ಮಾಡಿಸಿಕೊಂಡು, ಅದನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಮೆಟ್ಟಿಲಿಳಿಯಲು ಹೊರಟಳು. ಮೇಲಿನ ಮೆಟ್ಟಿಲ ಮೇಲೆ ಒಂದು ಕಾಲು, ಇನ್ನೊಂದು ಇನ್ನೂ ಗಾಳಿಯಲ್ಲಿ. ಆಗ ಅವಳು ಹಿಂತಿರುಗಿ ಒಳಗೆ ನೋಡಿದಳು.

“ಯಾರಮ್ಮಾ ರೈಟ್ ಅಂದಿದ್ದು?”

ಗಂಡ ತಲೆ ಎತ್ತಲಿಲ್ಲ. “ನಮ್ಮವಳೇ. ನೀವು ನೋಡ್ಕೊಂಡು ಇಳೀರಿ,” ಎಂದ.

ರೈಟಮ್ಮ ಆ ಹೊತ್ತಿಗಾಗಲೇ ಮಡಿಲಿನಿಂದ ಹಳೆಯ ಪಂಚನ್ನು ಎತ್ತಿದ್ದಳು. ಯಾರೇ ಮೆಟ್ಟಿಲ ಮೇಲಿದ್ದರೂ ಈಗ ಆಕೆ ಹಾಗೆ ಮಾಡುತ್ತಾಳೆ. ಬಾಗಿಲ ಚೌಕಟ್ಟಿಗೆ ಒಂದೇ ಒಂದು ಏಟು ಬಡಿದಳು. ಗಡಿಯಾರದವಳು, ಏಕೆಂದು ತಿಳಿಯದಿದ್ದರೂ, ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತಳು.